ಟೇಲರ್ ಸಾಹೇಬನ ಮಾವನ ಮನೆ

ಹೋದ ತಿಂಗಳು ನಮ್ಮ ಬಳಗದ ಸಭೆಯಲ್ಲಿ ಮಿತ್ರರೊಬ್ಬರು ಮೆಡೋಸ್ ಟೇಲರನ ಮೇಲೆ ಪ್ರಬಂಧ ಓದಿದರು. ಪ್ರಬಂಧ ಚೆನ್ನಾಗಿಯೇ ಇತ್ತು. 1839ರಲ್ಲಿ ಬಂದ ಅವನ ಠಕ್ಕನ ಕಾದಂಬರಿ, ಆಮೇಲಿನ 'ತಾರಾ', 'ಸೀತಾ', ಸುರಪುರದಲ್ಲಿ ಅವನು ಮಾಡಿದ ಕೆಲಸ, ಬಾಲಕ ರಾಜಾ ವೆಂಕಟಪ್ಪ ನಾಯಕ ಅವನನ್ನು 'ಅಪ್ಪಾ' ಎಂದು ಕರೆಯುತ್ತಿದ್ದುದು, ಎಲ್ಲಾ ಬಂತು. ಕೊನೆಗೆ ಪ್ರಶ್ನೆಗಳಿಗೆ ಸಮಯ ಕೊಟ್ಟರು. ನಾನು ಎದ್ದು, "ಟೇಲರನ ಹೆಂಡತಿ ಯಾರ ಮಗಳು?" ಎಂದು ಕೇಳಿದೆ. ಎಲ್ಲರೂ ನಕ್ಕರು. ಒಬ್ಬರಂತೂ, "ಅದನ್ನ ತಿಳಕೊಂಡು ಏನ್ ಮಾಡ್ತೀರಿ? ನಾವು ಸಾಹಿತ್ಯ ಓದೋರು, ವಧೂವರರ ಕೇಂದ್ರ ನಡೆಸೋರಲ್ಲ" ಎಂದರು. ಚಹಾ ಬಂತು, ಸಭೆ ಮುಗಿಯಿತು.

ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಟೇಲರನ ಹೆಂಡತಿ ಯಾರ ಮಗಳು ಎಂಬುದು ಸಾಹಿತ್ಯದ ಪ್ರಶ್ನೆಯೇ ಹೌದು ಎಂಬುದು ನನ್ನ ವಾದ. ಅದಕ್ಕಿಂತ ಮೊದಲು ಅದು ನಮ್ಮ ಪ್ರಶ್ನೆ, ಅಂದರೆ ಸುರಪುರ, ಶಹಾಪುರ, ಲಿಂಗಸುಗೂರು, ರಾಯಚೂರು ಕಡೆಯಿಂದ ಬಸ್ಸು ಹತ್ತಿ ಈ ಹೈದರಾಬಾದಿಗೆ ಓದಲು ಬಂದವರ ಪ್ರಶ್ನೆ.

ನಾನು ಸುರಪುರ ತಾಲೂಕಿನವನು. ನಮ್ಮ ಅಜ್ಜ ಅಕ್ಷರ ಕಲಿತವನಲ್ಲ, ಆದರೂ ಟೇಲರ್ ಸಾಹೇಬನ ವಿಷಯ ತೆಗೆದರೆ ಎದ್ದು ಕೂಡುತ್ತಿದ್ದ. "ತಮ್ಮಾ, ಆ ಸಾಹೇಬ ನಮ್ಮ ರಾಜಾನ್ನ ಹೊಟ್ಯಾಗ ಹುಟ್ಟಿದ ಮಗನಂಗ ಸಾಕಿದ್ನಂತ" ಎನ್ನುತ್ತಿದ್ದ. ಗುಡ್ಡದ ಮೇಲಿನ ಟೇಲರ್ ಮಂಜಿಲ್ ತೋರಿಸುತ್ತಿದ್ದ, ಬೋನಾಳ ಕೆರೆಯ ಮಾತು ತೆಗೆಯುತ್ತಿದ್ದ. ಆ ಪ್ರೀತಿಯನ್ನು ನಾನು ಸುಳ್ಳೆನ್ನುವುದಿಲ್ಲ. 1841ರಿಂದ 1853ರವರೆಗೆ ಸುರಪುರದಲ್ಲಿದ್ದ ಆ ಮನುಷ್ಯ ಕೆರೆ ದೊಡ್ಡದು ಮಾಡಿಸಿದ, ಜಮೀನು ಅಳೆಸಿದ, ಜೇವರ್ಗಿಯ ಹಳೆಯ ಕಲ್ಲುಗೋರಿಗಳನ್ನು ಅಗೆಸಿ ಬರೆದಿಟ್ಟ. ಆ ಕಾಲದ ಎಷ್ಟೋ ಸಾಹೇಬರ ಪಕ್ಕದಲ್ಲಿಟ್ಟು ನೋಡಿದರೆ ಒಳ್ಳೆಯವನೇ.

ಆದರೆ ನಮ್ಮಲ್ಲಿ ಒಂದು ಪದ್ಧತಿ ಇದೆ. ಹೆಣ್ಣು ಕೊಡುವಾಗ ಆಗಲಿ ತರುವಾಗ ಆಗಲಿ ಮನೆತನ ವಿಚಾರಿಸುತ್ತೇವೆ. ಹೊಲ ಎಷ್ಟು, ಸಾಲ ಎಷ್ಟು, ಸಾಲ ಕೊಡುವ ಮನೆಯೋ ತರುವ ಮನೆಯೋ ಎಂದು ನೋಡುತ್ತೇವೆ. ಟೇಲರನ ವಿಷಯದಲ್ಲಿ ಮಾತ್ರ ಅದನ್ನು ಯಾರೂ ವಿಚಾರಿಸಲಿಲ್ಲ. ಈಗ ವಿಚಾರಿಸೋಣ.

ಟೇಲರ್ ಹುಟ್ಟಿದ್ದು 1808ರಲ್ಲಿ, ಲಿವರ್‌ಪೂಲಿನಲ್ಲಿ. ಹದಿನೈದರ ಹುಡುಗ ಮುಂಬಯಿಗೆ ಒಬ್ಬ ವ್ಯಾಪಾರಿಯ ಹತ್ತಿರ ಕೆಲಸಕ್ಕೆಂದು ಬಂದ. ಆ ವ್ಯಾಪಾರ ಆಗಲೇ ಮುಳುಗುತ್ತಿತ್ತು. ಕೊನೆಗೆ ನಿಜಾಮನ ಚಾಕರಿಗೆ ಸೇರಿದ. 1830ರ ದಶಕದ ಆರಂಭದಲ್ಲಿ ಅವನು ಮದುವೆಯಾದದ್ದು ಮೇರಿ ಪಾಮರ್ ಎಂಬವಳನ್ನು. ಅವಳ ತಂದೆ ವಿಲಿಯಂ ಪಾಮರ್, ಹೈದರಾಬಾದಿನ ಪಾಮರ್ ಕಂಪನಿಯ ಯಜಮಾನ. ಕಂಪನಿ ಎಂದರೆ ಬೇರೇನಲ್ಲ, ಸಾವುಕಾರಿ. ಹೆಸರು ಪಾಮರ್ ಆದರೂ ಲೆಕ್ಕದಲ್ಲಿ ಆತ ದೊಡ್ಡ ಪಂಡಿತ.

ಈ ವಿಲಿಯಂ ಪಾಮರನ ಅಪ್ಪನ ಹೆಸರೂ ವಿಲಿಯಂ ಪಾಮರ್, ಮುಂದೆ ಜನರಲ್ ಆದವನು. ಮನೆತನದ ಬೇರು ಹಿಡಿದು ಹೊರಟರೆ ನಾವು ಹೋಗಿ ಮುಟ್ಟುವುದು ಸೇಂಟ್ ಕಿಟ್ಸ್ ಎಂಬ ನಡುಗಡ್ಡೆಗೆ, ಅಮೆರಿಕಾ ಖಂಡಗಳ ನಡುವಿನ ಕೆರಿಬಿಯನ್ ಸಮುದ್ರದಲ್ಲಿ. ನಮ್ಮ ಒಂದು ತಾಲೂಕಿನಷ್ಟೂ ದೊಡ್ಡದಲ್ಲ ಅದು. ಅಪ್ಪ ಪಾಮರ್ ತರುಣ ಸಿಪಾಯಿಯಾಗಿ ಅಲ್ಲಿದ್ದಾಗ, 1761ರಲ್ಲಿ, ಸಾರಾ ಹೇಜಲ್ ಎಂಬ ಆ ದ್ವೀಪದ ಹುಡುಗಿಯನ್ನು ಮದುವೆಯಾದ. ಆ ಕಾಲದ ಸೇಂಟ್ ಕಿಟ್ಸ್ ಎಂದರೆ ಕಬ್ಬು, ಕಬ್ಬು, ಕಬ್ಬು. ಗುಡ್ಡದ ಬುಡದಿಂದ ಸಮುದ್ರದ ದಂಡೆಯವರೆಗೆ ಕಬ್ಬಿನ ತೋಟ, ತೋಟಕ್ಕೊಂದು ಗಾಣ, ಗಾಣಕ್ಕೊಂದು ಕುದಿಯುವ ಕೊಪ್ಪರಿಗೆಗಳ ಸಾಲು. ದುಡಿಯುವವರು ಆಫ್ರಿಕಾದಿಂದ ಹಡಗಿನಲ್ಲಿ ತುಂಬಿ ತಂದು ಮಾರಿದ ಜನ. ದ್ವೀಪದ ಜನಸಂಖ್ಯೆಯಲ್ಲಿ ಬಹುಪಾಲು ಅವರೇ. ಅಲ್ಲಿಯ ಬಿಳಿಯರ ಅಂಗಡಿ, ಚರ್ಚು, ಕೋರ್ಟು, ಸೈನ್ಯ, ಮದುವೆಯ ಊಟ, ಎಲ್ಲವೂ ನಿಂತಿದ್ದದ್ದು ಆ ಕಬ್ಬಿನ ಮೇಲೆ. ಆ ದ್ವೀಪದಲ್ಲಿ ಸಕ್ಕರೆಯ ಉದ್ಯಮ ನಿಂತದ್ದೇ 2005ರಲ್ಲಿ ಎಂದರೆ ಆ ಬೇರು ಎಷ್ಟು ಆಳಕ್ಕೆ ಹೋಗಿತ್ತು ನೋಡಿ.

ಆ ತೋಟದ ಒಡೆಯರ ಜಾತಕ ಹೇಗಿರುತ್ತಿತ್ತು ಎಂಬುದಕ್ಕೆ ಟೇಲರನ ಊರಾದ ಲಿವರ್‌ಪೂಲಿನ ಇನ್ನೊಬ್ಬನನ್ನು ನೋಡಬಹುದು, ಜಾನ್ ಗ್ಲಾಡ್‌ಸ್ಟನ್. ಡೆಮೆರಾರಾದಲ್ಲಿ, ಅಂದರೆ ಇಂದಿನ ಗಯಾನಾದಲ್ಲಿ, ಅವನಿಗೆ ದೊಡ್ಡ ದೊಡ್ಡ ತೋಟಗಳು. ಒಂದು ದಿನವೂ ಅಲ್ಲಿ ಕಾಲಿಟ್ಟವನಲ್ಲ. 1823ರಲ್ಲಿ ಅಲ್ಲಿ ಗುಲಾಮರು ದಂಗೆ ಎದ್ದಾಗ ಅದು ಹೊತ್ತಿದ್ದೇ ಇವನ ತೋಟದಲ್ಲಿ, ಮುಂದಾಳುಗಳಲ್ಲಿ ಒಬ್ಬನ ಹೆಸರು ಜ್ಯಾಕ್ ಗ್ಲಾಡ್‌ಸ್ಟನ್. ಒಡೆಯನ ಅಡ್ಡಹೆಸರೇ ಆಳಿಗೂ! 1833ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಗುಲಾಮಗಿರಿ ರದ್ದು ಮಾಡುವ ಕಾಯಿದೆ ತಂದಿತು, ಜೊತೆಗೆ ಎರಡು ಕೋಟಿ ಪೌಂಡು ಪರಿಹಾರ ಕೊಟ್ಟಿತು. ಪರಿಹಾರ ಯಾರಿಗೆ? ಗುಲಾಮರಿಗಲ್ಲ ಸ್ವಾಮಿ, ಒಡೆಯರಿಗೆ. ಎರಡೂವರೆ ಸಾವಿರ ಜನರ ಲೆಕ್ಕದಲ್ಲಿ ಜಾನ್ ಗ್ಲಾಡ್‌ಸ್ಟನ್‌ಗೆ ಒಂದು ಲಕ್ಷ ಪೌಂಡಿಗೂ ಹೆಚ್ಚು ಸಿಕ್ಕಿತು. ಆಳುಗಳು ಕೈ ತಪ್ಪುತ್ತಾರೆ ಎಂದಾಗ ಅವನು ಕಣ್ಣು ಹಾಕಿದ್ದು ನಮ್ಮ ದೇಶದ ಮೇಲೆ. 1838ರಲ್ಲಿ ಕಲಕತ್ತೆಯಿಂದ ಎರಡು ಹಡಗು ಕೂಲಿಗಳನ್ನು ಹೇರಿಕೊಂಡು ಡೆಮೆರಾರಾಕ್ಕೆ ಹೋದವು. ಅವನ ಮಗ ವಿಲಿಯಂ ನಾಲ್ಕು ಸಲ ಇಂಗ್ಲೆಂಡಿನ ಪ್ರಧಾನಿಯಾದ. ಅವನ ಪುತ್ಥಳಿಗಳಿವೆ, ಚರಿತ್ರೆಗಳಿವೆ. 2023ರಲ್ಲಿ ಆ ವಂಶದವರು ಗಯಾನಾಕ್ಕೆ ಹೋಗಿ ಕ್ಷಮೆ ಕೇಳಿ ಬಂದರು.

ಆ ಮನೆಗಳ ವಂಶವೃಕ್ಷ ಸಿಗುತ್ತದೆ, ತೈಲಚಿತ್ರ ಸಿಗುತ್ತದೆ, ಪತ್ರಗಳ ಕಟ್ಟುಗಳು ಸಿಗುತ್ತವೆ. ಕಬ್ಬು ಕಡಿದವರದು ಸಿಗುವುದು ಒಂದು ಹೆಸರು, ಒಂದು ವಯಸ್ಸು, ಒಂದು ಬೆಲೆ. ಅದೂ ಮಾರಾಟದ ಪಟ್ಟಿಯಲ್ಲಿ, ಎತ್ತು ಕುದುರೆಗಳ ಪಕ್ಕದಲ್ಲಿ.

ಈಗ ಪಾಮರ್ ಮನೆಗೆ ವಾಪಸು ಬರೋಣ. ಸೇಂಟ್ ಕಿಟ್ಸ್‌ನ ಸಾರಾಳಿಂದ ಹುಟ್ಟಿದ ಮಕ್ಕಳಲ್ಲಿ ಒಬ್ಬ ಜಾನ್ ಪಾಮರ್. ಕಲಕತ್ತೆಯಲ್ಲಿ ವ್ಯಾಪಾರಿಗಳ ರಾಜ ಎನ್ನಿಸಿಕೊಂಡವನು. 1830ರಲ್ಲಿ ಅವನ ಕಂಪನಿ ಬಿದ್ದಾಗ ಕಲಕತ್ತೆಯ ಪೇಟೆಯೇ ಅಲುಗಾಡಿತು. ಅಪ್ಪ ಪಾಮರ್ ಮಾತ್ರ ಇಂಡಿಯಾದಲ್ಲಿ ಸಂಸಾರ ಹೂಡಿದ್ದು ಬೇರೆಯವಳ ಜೊತೆ. ಅವಳು ಫೈಜ್ ಬಕ್ಷ್, ಮುಸಲ್ಮಾನ ಕುಲೀನ ಮನೆತನದ ಹೆಣ್ಣು. ಲಖನೌನಲ್ಲಿ 1785-86ರ ಸುಮಾರಿಗೆ ಬರೆಸಿದ ಅವರ ಕುಟುಂಬದ ಚಿತ್ರ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದರ ಅಚ್ಚನ್ನು ನಾನು ಇಲ್ಲಿ ಆಬಿಡ್ಸ್‌ನ ಭಾನುವಾರದ ಹಳೇ ಪುಸ್ತಕದ ಸಂತೆಯಲ್ಲಿ ಒಂದು ಹರಿದ ಪುಸ್ತಕದಲ್ಲಿ ನೋಡಿದೆ. ಕೆಂಪು ಕೋಟಿನ ಪಾಮರ್ ಕುರ್ಚಿಯ ಮೇಲೆ, ಫೈಜ್ ಬಕ್ಷ್ ನೆಲದ ಮೇಲೆ, ಸುತ್ತ ಮಕ್ಕಳು, ದಾಸಿಯರು. ಆ ಮಕ್ಕಳಲ್ಲಿ ಒಬ್ಬನೇ ನಮ್ಮ ವಿಲಿಯಂ, 1780ರಲ್ಲಿ ಹುಟ್ಟಿದವನು. ಪುಸ್ತಕಕ್ಕೆ ನಾನೂರು ರೂಪಾಯಿ ಕೇಳಿದ. ಜೇಬಿನಲ್ಲಿ ಅಷ್ಟಿರಲಿಲ್ಲ. ನಿಂತಲ್ಲೇ ಹತ್ತು ನಿಮಿಷ ನೋಡಿ ಬಂದೆ.

ಇಲ್ಲಿ ಒಂದು ನ್ಯಾಯದ ಮಾತು ಹೇಳಲೇಬೇಕು. ವಿಲಿಯಂ ಪಾಮರ್ ಮಿಶ್ರರಕ್ತದವನು ಎಂಬ ಕಾರಣಕ್ಕೇ ಅವನಿಗೆ ಬಾಗಿಲುಗಳು ಮುಚ್ಚಿದವು. ತಂದೆತಾಯಿಯರಲ್ಲಿ ಒಬ್ಬರು ಇಂಡಿಯಾದವರಾದರೆ ಅಂಥವರಿಗೆ ಕಂಪನಿ ಸರ್ಕಾರದ ದೊಡ್ಡ ಹುದ್ದೆಗಳಿಲ್ಲ ಎಂದು 1791ರಲ್ಲೇ ಆಜ್ಞೆಯಾಗಿತ್ತು. ಹಾಗಾಗಿ ಅವನು 1799ರಲ್ಲಿ ನಿಜಾಮನ ಸೈನ್ಯಕ್ಕೆ ಸೇರಿದ, ಆಮೇಲೆ ಅದನ್ನು ಬಿಟ್ಟು ವ್ಯಾಪಾರಕ್ಕಿಳಿದ. ಅವನನ್ನು ಬೀಳಿಸಿದ ರೆಸಿಡೆಂಟ್ ಚಾರ್ಲ್ಸ್ ಮೆಟ್ಕಾಫನಿಗೂ ಇಂಡಿಯಾದ ಹೆಣ್ಣಿನಿಂದ ಹುಟ್ಟಿದ ಮಕ್ಕಳಿದ್ದರು ಎಂಬುದು ಬೇರೆ ಮಾತು. ನಮ್ಮ ಬಳಗದಲ್ಲೇ ಕೆಲವರು, "ಪಾಮರ್ ಪಾಪ, ವರ್ಣದ್ವೇಷಕ್ಕೆ ಬಲಿಯಾದವನು. ಹಿಂದೂ, ಮುಸಲ್ಮಾನ, ಇಂಗ್ಲಿಷ್ ಎಲ್ಲಾ ಒಂದೇ ಛಾವಣಿಯ ಕೆಳಗೆ ಕೂಡುತ್ತಿದ್ದ ಮನೆ ಅದು. ಅದನ್ನ ಯಾಕ ಬೈತೀರಿ?" ಎನ್ನುತ್ತಾರೆ. ಹೌದು, ಆ ಮನೆಯ ಹಜಾರದಲ್ಲಿ ಕೂತು ಕೇಳಿದ ಮಾತುಗಳಿಂದಲೇ ಟೇಲರ್ ಈ ದೇಶವನ್ನು ಕಲಿತ. ಅವನ ಕಾದಂಬರಿಗಳ ಹಿಂದೆ ಆ ಹಜಾರವಿದೆ. ನಾನು ಒಪ್ಪುತ್ತೇನೆ.

ಆದರೆ ಹಜಾರದ ಖರ್ಚು ಯಾರು ಕೊಡುತ್ತಿದ್ದರು?

ಪಾಮರ್ ಕಂಪನಿ 1814ರಲ್ಲಿ ಶುರುವಾಯಿತು. ಬಂಕಟಿ ದಾಸ್ ಎಂಬ ಗುಜರಾತಿ ಸಾವುಕಾರ ಅದರಲ್ಲಿ ಪಾಲುದಾರ. ಮುಂದೆ ಸೇರಿದ ಇನ್ನೊಬ್ಬ ಪಾಲುದಾರ ಸರ್ ವಿಲಿಯಂ ರಂಬೋಲ್ಡ್. ಇವನ ಹೆಂಡತಿ ಗವರ್ನರ್ ಜನರಲ್ ಲಾರ್ಡ್ ಹೇಸ್ಟಿಂಗ್ಸ್ ಸಾಕಿದ ಹುಡುಗಿ. ದೇಶೀ ರಾಜರಿಗೆ ಯುರೋಪಿನವರು ಸಾಲ ಕೊಡಕೂಡದು ಎಂದು ಕಾಯಿದೆ ಇತ್ತು. 1816ರಲ್ಲಿ ಪಾಮರ್ ಕಂಪನಿಗೆ ಮಾತ್ರ ಅದರಿಂದ ವಿನಾಯಿತಿ ಸಿಕ್ಕಿತು. ಯಾಕೆ ಸಿಕ್ಕಿತು ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಸಾಲ ತೆಗೆದುಕೊಂಡವನು ನಿಜಾಮ, ಸಹಿ ಹಾಕಿದವನು ಮಂತ್ರಿ ಚಂದೂಲಾಲ್. ಸಾಲ ಯಾಕೆ ಬೇಕಾಯಿತು? ಇಂಗ್ಲಿಷ್ ಅಧಿಕಾರಿಗಳ ಕೈಕೆಳಗಿನ ಫೌಜಿಗೆ ಸಂಬಳ ಕೊಡಲು. ಅಂದರೆ ಇಂಗ್ಲಿಷರ ಸೈನ್ಯವನ್ನು ಸಾಕಲು ಇಂಗ್ಲಿಷನ ಮಗನ ಹತ್ತಿರ ಸಾಲ, ಆ ಸಾಲಕ್ಕೆ ಅಡವು ರೈತನ ಕಂದಾಯ.

ಬಡ್ಡಿ ಎಷ್ಟು? ವರ್ಷಕ್ಕೆ ನೂರಕ್ಕೆ ಇಪ್ಪತ್ತನಾಲ್ಕು, ಇಪ್ಪತ್ತೈದು. ಈ ಅಂಕಿ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಯಾಕೆಂದರೆ ನಮ್ಮೂರಿನ ದರ ಅದೇ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ. ನಮ್ಮ ಅಜ್ಜ ಅತ್ತೆಯ ಮದುವೆಗೆ ಎರಡೆಕರೆ ಎರೆಹೊಲ ಬರೆದುಕೊಟ್ಟು ಸಾಲ ತಂದದ್ದೂ ಆ ದರಕ್ಕೇ. ಹೊಲ ವಾಪಸು ಬರಲಿಲ್ಲ. ಟೇಲರ್ ಸಾಹೇಬನನ್ನು ಬಾಯಿತುಂಬ ಹೊಗಳುತ್ತಿದ್ದ ಅಜ್ಜನಿಗೆ ಸಾಹೇಬನ ಮಾವನೂ ಅದೇ ಬಡ್ಡಿಯವನು ಎಂದು ಹೇಳಲು ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದರೆ ಏನನ್ನುತ್ತಿದ್ದನೋ.

1820ರಲ್ಲಿ ಹಳೆಯ ಬಾಕಿಯನ್ನೆಲ್ಲ ಕೂಡಿಸಿ ಅರವತ್ತು ಲಕ್ಷದ ಹೊಸ ಸಾಲ ಬರೆದರು, ಬಡ್ಡಿ ನೂರಕ್ಕೆ ಹದಿನೆಂಟು. ಲೆಕ್ಕ ಹಾಕಿ, ಬಡ್ಡಿಯೇ ವರ್ಷಕ್ಕೆ ಹತ್ತು ಲಕ್ಷ ಎಂಬತ್ತು ಸಾವಿರ. ಅದೇ ವರ್ಷದ ಕೊನೆಗೆ ರೆಸಿಡೆಂಟ್ ಆಗಿ ಬಂದ ಮೆಟ್ಕಾಫ್ ಕಡತ ತೆಗೆದು ನೋಡಿದರೆ ಆ ಅರವತ್ತರಲ್ಲಿ ಎಂಟು ಲಕ್ಷ ಕೊಟ್ಟ ದುಡ್ಡೇ ಅಲ್ಲ, ಬರೀ ಬಕ್ಷೀಸು! ಗಲಾಟೆ ಲಂಡನ್ನಿನವರೆಗೂ ಹೋಯಿತು. ಲಾರ್ಡ್ ಹೇಸ್ಟಿಂಗ್ಸ್ 1823ರಲ್ಲಿ ಹೆಸರು ಕೆಡಿಸಿಕೊಂಡು ಊರಿಗೆ ಹೋದ. ಸಾಲ ತೀರಿದ್ದು ಹೇಗೆ ಗೊತ್ತೇ? ಉತ್ತರ ಸರ್ಕಾರುಗಳಿಗಾಗಿ, ಅಂದರೆ ಇಂದಿನ ಕರಾವಳಿ ಆಂಧ್ರದ ಜಿಲ್ಲೆಗಳಿಗಾಗಿ, ಕಂಪನಿ ಸರ್ಕಾರ ನಿಜಾಮನಿಗೆ ವರ್ಷಕ್ಕೆ ಏಳು ಲಕ್ಷ ಪೇಷ್‌ಕಷ್ ಕೊಡುತ್ತಿತ್ತು. ಅದನ್ನು ಶಾಶ್ವತವಾಗಿ ನಿಲ್ಲಿಸಿ, ಒಂದು ಕೋಟಿ ಹದಿನಾರು ಲಕ್ಷ ಚಿಲ್ಲರೆಯನ್ನು ಒಂದೇ ಗಂಟಿನಲ್ಲಿ ಕೊಟ್ಟು, ಅದರಿಂದ ಪಾಮರ್ ಬಾಕಿ ತೀರಿಸಿದರು. ಕಂಪನಿ ದಿವಾಳಿಯಾಯಿತು. ಪಾಮರ್ ಮಾತ್ರ 1867ರವರೆಗೆ ಹೈದರಾಬಾದಿನಲ್ಲೇ ಬಾಳಿ, ಮಕ್ಕಳು ಮೊಮ್ಮಕ್ಕಳನ್ನು ಕಂಡು ಹೋದ.

ಇದಕ್ಕೂ ಸುರಪುರಕ್ಕೂ ಏನು ಸಂಬಂಧ? ಚಂದೂಲಾಲನೇ ಸಂಬಂಧ. ಪಾಮರ್‌ಗೆ ಸಹಿ ಹಾಕಿಕೊಟ್ಟ ಈ ಮಂತ್ರಿ 1843ರವರೆಗೂ ಕುರ್ಚಿಯಲ್ಲಿದ್ದ. ಖಜಾನೆ ಬರಿದಾದಾಗಲೆಲ್ಲ ಅವನಿಗೆ ಸಂಸ್ಥಾನಗಳು ನೆನಪಾಗುತ್ತಿದ್ದವು. ಸುರಪುರದಲ್ಲಿ ಪಟ್ಟಕ್ಕೆ ಯಾರು ಕೂತರೂ ಭಾರೀ ನಜರಾಣೆ ಕೇಳುವುದು, ಕೊಡಲಾಗದಿದ್ದರೆ ಬಾಕಿ ಹಚ್ಚುವುದು, ಬಾಕಿಗೆ ಹಳ್ಳಿಗಳನ್ನು ಕಿತ್ತುಕೊಳ್ಳುವುದು. ಆ ಬಾಕಿಯ ಗೊಂದಲವನ್ನು ಸರಿಮಾಡಲೆಂದೇ 1841ರಲ್ಲಿ ಟೇಲರನನ್ನು ಸುರಪುರಕ್ಕೆ ಕಳಿಸಿದ್ದು. ಸಾಲ ಕೊಟ್ಟ ಮನೆಯ ಅಳಿಯ ಸಾಲ ಹೊತ್ತ ಮನೆಯ ಕಾರಭಾರಿಯಾಗಿ ಬಂದ! ಇದರಲ್ಲಿ ಒಳಸಂಚು ಏನೂ ಇಲ್ಲ, ಅಳಿಯನಿಗೆ ಮಾವನ ಪಾಪ ಅಂಟಿಸುವುದೂ ನನ್ನ ಉದ್ದೇಶವಲ್ಲ. ಆದರೆ ಒಂದೇ ನೀರು ಎರಡು ಬಾವಿಯಲ್ಲಿ ಕಾಣುತ್ತಿದೆ, ಅಷ್ಟೇ.

ಆ ಸಾಲದ ಸರಪಳಿ ಅಲ್ಲಿಗೂ ಮುಗಿಯಲಿಲ್ಲ. ಫೌಜಿನ ಸಂಬಳದ ಬಾಕಿ ಬೆಳೆದು ಬೆಳೆದು 1853ರಲ್ಲಿ ಬೇರಾರ್, ಧಾರಾಶಿವ, ರಾಯಚೂರು ದೋಆಬ್ ಎಲ್ಲವನ್ನೂ ಇಂಗ್ಲಿಷರು ತಮ್ಮ ಕೈಗೆ ತೆಗೆದುಕೊಂಡರು. ರಾಯಚೂರಿನ ಮಿತ್ರರೇ, ನಿಮ್ಮ ಮುತ್ತಜ್ಜನ ಊರು ಏಳು ವರ್ಷ ಒತ್ತೆಯಲ್ಲಿತ್ತು. ಎರಡೆಕರೆ ಎರೆಹೊಲದಂತೆ, ಇಡೀ ಜಿಲ್ಲೆ. ವೆಂಕಟಪ್ಪ ನಾಯಕ 1858ರಲ್ಲಿ ಇಂಗ್ಲಿಷರ ಮೇಲೆ ಎದ್ದ, ಸೋತ, ಇದೇ ಹೈದರಾಬಾದಿನಲ್ಲಿ ಸಿಕ್ಕಿಬಿದ್ದ. 'ಅಪ್ಪ' ಅವನನ್ನು ಸೆರೆಯಲ್ಲಿ ಹೋಗಿ ನೋಡಿದ. ಸೆರೆಗೆ ಸಾಗಿಸುವ ದಾರಿಯಲ್ಲಿ ಗುಂಡು ತಗುಲಿ ಹುಡುಗ ಸತ್ತ. ಇನ್ನೂ ಇಪ್ಪತ್ತೈದೂ ಆಗಿರಲಿಲ್ಲ. 1860ರಲ್ಲಿ ಇಂಗ್ಲಿಷರು ರಾಯಚೂರನ್ನು ನಿಜಾಮನಿಗೆ ಹಿಂದಿರುಗಿಸುವಾಗ ಸುರಪುರವನ್ನೂ ಅದರ ಮೇಲೆ ಇಟ್ಟು ಕೊಟ್ಟರು, ಚೌಕಾಸಿಯಲ್ಲಿ ಕೊಸರು ಹಾಕಿದ ಹಾಗೆ.

ಈಗ ಸಾಹಿತ್ಯದ ಪ್ರಶ್ನೆಗೆ ಬರುತ್ತೇನೆ. 1872ರಲ್ಲಿ ಟೇಲರ್ 'ಸೀತಾ' ಬರೆದ. ಒಬ್ಬ ಇಂಗ್ಲಿಷ್ ಅಧಿಕಾರಿ ಹಿಂದೂ ಹೆಣ್ಣನ್ನು ಮದುವೆಯಾಗುವ ಕಥೆ. ಕೊನೆಗೆ ಸೀತಾ ಸಾಯುತ್ತಾಳೆ. ನಮ್ಮ ಪ್ರಬಂಧಕಾರರು ಇದನ್ನು ಉದಾರ ಮಾನವತಾವಾದ ಎಂದು ಎರಡು ಸಾಲಿನಲ್ಲಿ ಮುಗಿಸಿದರು. ಆದರೆ ಬರೆದವನ ಹೆಂಡತಿ ಫೈಜ್ ಬಕ್ಷಳ ಮೊಮ್ಮಗಳು ಎಂದು ಗೊತ್ತಾದ ಮೇಲೆ ಅದೇ ಕಾದಂಬರಿಯನ್ನು ಅದೇ ರೀತಿ ಓದಲು ಆಗುತ್ತದೆಯೇ? ಮೇರಿ 1844ರಲ್ಲಿ ತೀರಿಕೊಂಡಳು. ಆಗ ಅವನು ಸುರಪುರದ ಕೆಲಸದಲ್ಲಿದ್ದ, ಮತ್ತೆ ಮದುವೆಯಾಗಲಿಲ್ಲ. ಹೆಂಡತಿ ಹೋಗಿ ಇಪ್ಪತ್ತೆಂಟು ವರ್ಷದ ಮೇಲೆ ಆ ಮುದುಕ ಇಂಥ ಕಥೆ ಬರೆಯಲು ಕೂತಿದ್ದು ಬರೀ ಮಾನವತಾವಾದವೇ? ಅವನ ಆತ್ಮಕಥೆಯನ್ನು ಮಗಳು ಆಲಿಸ್ 1877ರಲ್ಲಿ, ಅವನು ಸತ್ತ ಮರುವರ್ಷ, ಹೊರತಂದಳು. ಆ ಪುಸ್ತಕದಲ್ಲಿ ಸುರಪುರದ ರಾಣಿ ಈಶ್ವರಮ್ಮನಿಗೆ ಸಿಕ್ಕ ಜಾಗ ಮೇರಿ ಪಾಮರ್‌ಗೆ ಸಿಗಲಿಲ್ಲ. ರಾಣಿಯ ಕೋಪ, ರಾಣಿಯ ಹಟ ಎಲ್ಲಾ ನಮಗೆ ಗೊತ್ತು. ಮೇರಿ ಕನ್ನಡದ ನಾಲ್ಕು ಮಾತು ಕಲಿತಿದ್ದಳೇ, ಗುಡ್ಡದ ಮೇಲಿಂದ ನಮ್ಮ ಊರು ಅವಳಿಗೆ ಹೇಗೆ ಕಾಣುತ್ತಿತ್ತು, ನಾವು ಯಾರೂ ಕೇಳಿಲ್ಲ.

ಹಾಗೆ ನೋಡಿದರೆ ಈ ಕಥೆಯಲ್ಲಿ ಹೆಣ್ಣುಗಳ ಸಾಲೇ ಇದೆ. ಸೇಂಟ್ ಕಿಟ್ಸ್‌ನ ಸಾರಾ, ಲಖನೌನ ಫೈಜ್ ಬಕ್ಷ್, ಹೈದರಾಬಾದಿನ ಮೇರಿ. ಗಂಡಸರು ದ್ವೀಪದಿಂದ ದೇಶಕ್ಕೆ, ಫೌಜಿನಿಂದ ಪೇಟೆಗೆ ಜಿಗಿದಾಗಲೆಲ್ಲ ಹಿಂದೆ ಉಳಿದವರು. ಆದರೂ ಇವರಿಗಾದರೂ ಹೆಸರಿದೆ, ಒಬ್ಬಳಿಗೆ ಚಿತ್ರವೂ ಇದೆ. ಆ ಚಿತ್ರದ ಅಂಚಿನಲ್ಲಿ ನಿಂತ ದಾಸಿಯರಿಗೆ ಅದೂ ಇಲ್ಲ. ಸಾರಾಳ ದ್ವೀಪದಲ್ಲಿ ಕೊಪ್ಪರಿಗೆಯ ಮುಂದೆ ನಿಂತವರಿಗೂ ಇಲ್ಲ, ಅರವತ್ತು ಲಕ್ಷದ ಬಡ್ಡಿಗೆ ಜೋಳದ ರಾಶಿ ಅಳೆದುಕೊಟ್ಟವರಿಗೂ ಇಲ್ಲ. ಗುಲಾಮನೂ ಸಾಲಗಾರನೂ ಒಂದೇ ಎಂದು ನಾನು ಹೇಳುತ್ತಿಲ್ಲ. ಮಾರಲ್ಪಟ್ಟ ಮನುಷ್ಯನ ದುಃಖ ಬೇರೆ, ಅದನ್ನು ನಮ್ಮದರ ಜೊತೆ ತಕ್ಕಡಿಯಲ್ಲಿಟ್ಟು ತೂಗುವುದು ಅವನಿಗೆ ಮಾಡುವ ಅವಮಾನ. ಆದರೆ ಅವರ ಲೆಕ್ಕ ಬರೆದವರೂ ನಮ್ಮ ಲೆಕ್ಕ ಬರೆದವರೂ ಒಂದೇ ಮನೆಯಲ್ಲಿ ಬೆಳೆದವರು, ಒಂದೇ ಊಟದ ಮೇಜಿಗೆ ಕೂತವರು. ಇದು ನನ್ನ ಊಹೆಯಲ್ಲ, ಪಾಮರ್ ಮನೆತನವೇ ಇದಕ್ಕೆ ಸಾಕ್ಷಿ.

ನಮ್ಮಲ್ಲಿ ಟೇಲರ್ ಬಗ್ಗೆ ಬರೆಯುವವರು ಎರಡು ಜಾತಿ. ಒಬ್ಬರು ಅವನನ್ನು ದೇವರು ಮಾಡುತ್ತಾರೆ, ಇನ್ನೊಬ್ಬರು ಸಾಮ್ರಾಜ್ಯಶಾಹಿಯ ಏಜಂಟ್ ಎಂದು ಒಂದೇ ಏಟಿಗೆ ಮುಗಿಸುತ್ತಾರೆ. ಇಬ್ಬರಿಗೂ ಕಡತ ನೋಡುವ ತೊಂದರೆ ಇಲ್ಲ. ಕೋಠಿಯಲ್ಲಿ ಬಸ್ ಇಳಿದರೆ ಎದುರಿಗೇ ಮೆಟ್ಕಾಫ್ ಕೂತು ಪಾಮರ್ ಲೆಕ್ಕ ತೆಗೆದ ರೆಸಿಡೆನ್ಸಿ ಇದೆ. ಬಹಳ ವರ್ಷ ಹೆಣ್ಣುಮಕ್ಕಳ ಕಾಲೇಜಾಗಿದ್ದ ಅದು ಈಗ ವಿಶ್ವವಿದ್ಯಾಲಯ, ಬಿದ್ದುಹೋಗುತ್ತಿದ್ದ ಕಟ್ಟಡವನ್ನು ಈಚೆಗೆ ದುರಸ್ತಿ ಮಾಡಿಸಿದ್ದಾರೆ. ನಾವು ದಿನವೂ ಅದರ ಗೋಡೆಯ ಪಕ್ಕ ನಿಂತು ಮಿರ್ಚಿ ಭಜ್ಜಿ ತಿನ್ನುತ್ತೇವೆ.

ದೀಪಾವಳಿ ರಜೆಯಲ್ಲಿ ಬಳಗದವರು ಸುರಪುರಕ್ಕೆ ಪ್ರವಾಸ ಹೋಗುವ ಮಾತು ನಡೆದಿದೆ. ಹೋಗೋಣ, ಟೇಲರ್ ಮಂಜಿಲ್ ನೋಡೋಣ, ಊಟ ನಮ್ಮ ಮನೆಯಲ್ಲೇ ಆಗಲಿ. ಅಜ್ಜ ಈಗಿಲ್ಲ. ಅಜ್ಜಿ ಇದ್ದಾಳೆ. ಅವಳಿಗೆ ಆ ಎರಡೆಕರೆಯ ಬಾಂದುಗಲ್ಲುಗಳು ಎಲ್ಲಿವೆ ಎಂದು ಇನ್ನೂ ನೆನಪಿದೆ. ಸಂಜೆ ತಂಪು ಹೊತ್ತಿನಲ್ಲಿ ಅವಳೇ ಕರೆದುಕೊಂಡು ಹೋಗಿ ತೋರಿಸುತ್ತಾಳೆ.